ಬೆಂಚಿನ ಬಾಗಿಲು ತೆಗೆಯುವವನು

ಓಣಿಯಲ್ಲಿ ಹುಡುಗರು ತಂಡ ಕಟ್ಟುವಾಗ ಗೋಲಿಗೆ ಯಾರನ್ನು ನಿಲ್ಲಿಸಬೇಕು ಎಂಬ ವಿಷಯದಲ್ಲಿ ಊರೂರಿಗೆ ಭೇದವಿಲ್ಲ. ನಾಲ್ಕು ಹೆಜ್ಜೆ ಓಡಿದರೆ ಏದುಸಿರು ಬಿಡುವವನು, ಎಲ್ಲರಿಗಿಂತ ಚಿಕ್ಕವನು, ಇಲ್ಲವೇ ಚೆಂಡು ತಂದವನ ತಮ್ಮ. "ನೀನು ಗೋಲಿಗೆ ನಿಲ್ಲೋ" ಎಂದು ಹೇಳುವ ಧಾಟಿಯಲ್ಲೇ ಅವನ ಯೋಗ್ಯತೆಯ ತೀರ್ಮಾನ ಆಗಿಹೋಗಿರುತ್ತದೆ. ಗೋಲು ತಡೆದರೆ ಯಾರೂ ಬೆನ್ನು ತಟ್ಟುವುದಿಲ್ಲ, ಬಿಟ್ಟರೆ ಸಂಜೆಯವರೆಗೂ ಬೈಗುಳ. ಇಂಥ ಜಾಗಕ್ಕೂ ಒಬ್ಬ ಸರದಿಯಲ್ಲಿ ಕಾದು ಕೂರುತ್ತಾನೆ, ಅದೂ ವರ್ಷಗಟ್ಟಲೆ, ಎಂದರೆ ಓಣಿಯ ಹುಡುಗರು ನಂಬಲಾರರು. ಆದರೆ ದೊಡ್ಡವರ ಹಾಕಿಯಲ್ಲಿ ಹಾಗೆ ಕೂರುವವನೊಬ್ಬ ಇದ್ದೇ ಇರುತ್ತಾನೆ. ತಂಡದ ಎರಡನೆಯ ಗೋಲ್‌ಕೀಪರ್. ನನ್ನ ಕಣ್ಣು ಯಾವಾಗಲೂ ಅವನ ಮೇಲೆ.

ಅವನ ಕಷ್ಟ ಉಳಿದ ಮೀಸಲು ಆಟಗಾರರ ಕಷ್ಟದಂಥದ್ದಲ್ಲ. ಐಸ್ ಹಾಕಿಯಲ್ಲಿ ಮುಂದೆ ಆಡುವವರು ಒಂದು ನಿಮಿಷಕ್ಕೂ ಮೊದಲೇ ದಣಿದು ಬೆಂಚಿಗೆ ಬರುತ್ತಾರೆ, ಬೆಂಚಿನಲ್ಲಿದ್ದವರು ಜಿಗಿದು ಒಳಗೆ ಹೋಗುತ್ತಾರೆ. ಅಲ್ಲಿ ಎಲ್ಲರಿಗೂ ಸರದಿ ಉಂಟು. ಗೋಲಿನ ಮುಂದೆ ಮಾತ್ರ ಒಬ್ಬನಿಗೇ ಜಾಗ, ಮತ್ತು ಅಲ್ಲಿ ನಿಂತವನು ಪಂದ್ಯದ ನಡುವೆ ದಣಿದೆನೆಂದು ಹೊರಗೆ ಬರುವ ಪದ್ಧತಿಯಿಲ್ಲ. ಅವನು ಗಾಯಗೊಳ್ಳಬೇಕು, ಇಲ್ಲವೇ ಸಾಲು ಸಾಲು ಗೋಲು ಬಿಟ್ಟು ಮಾನ ಕಳೆದುಕೊಳ್ಳಬೇಕು. ಹಾಗಾಗಿ ಎರಡನೆಯವನು "ದೇವರೇ, ನನಗೂ ಒಂದು ಅವಕಾಶ ಕೊಡು" ಎಂದು ಕೈಮುಗಿದರೆ, ಅದರೊಳಗೆ "ಪಕ್ಕದಲ್ಲಿ ಕೂತು ಊಟ ಮಾಡುವ ಗೆಳೆಯನ ಮಂಡಿ ಉಳುಕಲಿ" ಎಂಬ ಕೋರಿಕೆಯೂ ಅಡಗಿರುತ್ತದೆ. ದೇವರಿಗೂ ಇದು ಇಕ್ಕಟ್ಟಿನ ಅರ್ಜಿ. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ರಾತ್ರಿ ಬಸ್ಸಿನ ಎರಡನೆಯ ಡ್ರೈವರಿಗೆ ಹಾಸನ ದಾಟಿದ ಮೇಲೆ ಸ್ಟೀರಿಂಗ್ ತನ್ನದು ಎಂಬುದಾದರೂ ಗೊತ್ತಿರುತ್ತದೆ. ಎರಡನೆಯ ಕೀಪರಿಗೆ ತನ್ನ ಹಾಸನ ಎಲ್ಲಿದೆ, ಅದು ದಾರಿಯಲ್ಲಿ ಬರುತ್ತದೆಯೇ ಎಂಬುದೇ ಗೊತ್ತಿಲ್ಲ.

ಹಾಗೆಂದು ಅವನು ಸುಮ್ಮನೆ ಕೂತಿರುವುದಿಲ್ಲ. ಮೈತುಂಬ ಪ್ಯಾಡು ಕಟ್ಟಿಕೊಂಡು, ತಲೆಗೆ ಮಾತ್ರ ಕ್ಯಾಪು ಹಾಕಿಕೊಂಡು ಬೆಂಚಿನ ತುದಿಯಲ್ಲಿ ಕೂರುತ್ತಾನೆ. ದಣಿದು ಬರುವವರಿಗೆ ಬೆಂಚಿನ ಪುಟ್ಟ ಬಾಗಿಲು ತೆಗೆಯುವುದು, ಒಳಗೆ ಬಂದ ಮೇಲೆ ಹಾಕುವುದು ಎಷ್ಟೋ ತಂಡಗಳಲ್ಲಿ ಅವನ ಕೆಲಸ. ಅಭ್ಯಾಸ ಮುಗಿದು ಮೊದಲನೆಯವನು ಸ್ನಾನಕ್ಕೆ ಹೋದ ಮೇಲೂ ಇವನು ಗೋಲಿನಲ್ಲಿ ನಿಂತೇ ಇರುತ್ತಾನೆ, ಯಾರಿಗೋ ಇನ್ನಷ್ಟು ಹೊಡೆತ ಅಭ್ಯಾಸ ಮಾಡಬೇಕಿರುತ್ತದೆಯಲ್ಲ. ಹೊಡೆಯುವುದಾದರೂ ಏನನ್ನು? ಒಂದಿಂಚು ದಪ್ಪದ, ಮೂರಿಂಚು ಅಗಲದ, ಸುಮಾರು 170 ಗ್ರಾಂ ತೂಕದ ಗಟ್ಟಿ ರಬ್ಬರಿನ ಬಿಲ್ಲೆ. ಅದಕ್ಕೆ ಪಕ್ ಎನ್ನುತ್ತಾರೆ. ಪಂದ್ಯದಲ್ಲಿ ಪುಟಿಯದಿರಲೆಂದು ಮೊದಲೇ ಫ್ರೀಜರಿನಲ್ಲಿ ಇಟ್ಟು ಕಲ್ಲಿನ ಹಾಗೆ ಮಾಡಿರುತ್ತಾರೆ. ಅದನ್ನು ಆರು ಅಡಿ ಅಗಲ, ನಾಲ್ಕು ಅಡಿ ಎತ್ತರದ ಬಲೆಯೊಳಗೆ ಹೋಗದಂತೆ ಮೈಯೊಡ್ಡಿ ತಡೆಯಬೇಕು. ಜನ ಸೇರಿದ ದಿನ ತಡೆಯುವವನು ಒಬ್ಬ, ಖಾಲಿ ಅಂಗಳದಲ್ಲಿ ತಡೆಯುವವನು ಇನ್ನೊಬ್ಬ.

ಬಹಳ ಕಾಲ ತಂಡಕ್ಕೆ ಎರಡನೆಯ ಕೀಪರೇ ಇರಲಿಲ್ಲ. 1928ರಲ್ಲಿ, ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗಿನ ಸ್ಟ್ಯಾನ್ಲಿ ಕಪ್ ಫೈನಲ್ ಸರಣಿಯಲ್ಲಿ, ನ್ಯೂಯಾರ್ಕ್ ರೇಂಜರ್ಸ್ ಕೀಪರ್ ಲಾರ್ನ್ ಶಾಬೊ ಕಣ್ಣಿಗೆ ಪೆಟ್ಟು ತಿಂದು ಬಿದ್ದಾಗ, 44 ವರ್ಷದ ಕೋಚ್ ಲೆಸ್ಟರ್ ಪ್ಯಾಟ್ರಿಕ್ ತಾವೇ ಪ್ಯಾಡು ಕಟ್ಟಿಕೊಂಡು ನಿಂತರು. ಆ ಪಂದ್ಯವನ್ನು ರೇಂಜರ್ಸ್ ಗೆದ್ದದ್ದು ಬೇರೆ ಮಾತು. 1959ರ ನವೆಂಬರಿನಲ್ಲಿ ಮಾಂಟ್ರಿಯಲ್ ತಂಡದ ಝಾಕ್ ಪ್ಲಾಂಟ್ ಮುಖಕ್ಕೆ ಪಕ್ ಬಡಿದು ರಕ್ತ ಸುರಿಯಿತು. ಹೊಲಿಗೆ ಹಾಕಿಸಿಕೊಂಡು ಬಂದವರು ಮುಖವಾಡ ಕೊಟ್ಟರೆ ಮಾತ್ರ ಆಡುತ್ತೇನೆ ಎಂದರು. ಕೋಚಿಗೆ ಮುಖವಾಡ ಕಂಡರಾಗದು, ಆದರೆ ಬದಲಿಗೆ ನಿಲ್ಲಿಸಲು ತಕ್ಕ ಇನ್ನೊಬ್ಬ ಕೀಪರ್ ಇಲ್ಲ. ಒಪ್ಪಲೇಬೇಕಾಯಿತು. ಕೀಪರುಗಳ ಮುಖವನ್ನು ಕಾಪಾಡುವ ರೂಢಿ ನೆಲೆಗೊಂಡದ್ದರಲ್ಲಿ ಅಂದು ಬೆಂಚು ಖಾಲಿ ಇದ್ದದ್ದರ ಪಾಲೂ ಇದೆ.

ಆಗಿನ ವ್ಯವಸ್ಥೆ ಹೀಗಿತ್ತು. ಪಂದ್ಯ ಯಾರ ಊರಿನಲ್ಲೋ ಅವರು ಒಬ್ಬ ಹೆಚ್ಚುವರಿ ಕೀಪರನ್ನು ಪ್ರೇಕ್ಷಕರ ನಡುವೆ ಕೂರಿಸಿರಬೇಕು. ಎರಡು ತಂಡಗಳಲ್ಲಿ ಯಾರ ಕೀಪರ್ ಬಿದ್ದರೂ ಅವನೇ ಇಳಿಯಬೇಕು. 1962ರಲ್ಲಿ ಟೊರಾಂಟೊದಲ್ಲಿ ಹಾಗೆ ಕೂತಿದ್ದವನು 20 ವರ್ಷದ ಡೇವ್ ಡ್ರೈಡನ್. ರೇಂಜರ್ಸ್ ಕೀಪರ್ ಗಂಪ್ ವರ್ಸ್‌ಲಿ ಗಾಯಗೊಂಡರು. ಡೇವ್ ಎದ್ದು ಹೋಗಿ ಎದುರಾಳಿಗಳ ಅಂಗಿ ತೊಟ್ಟು ತನ್ನೂರಿನವರ ಹೊಡೆತಗಳನ್ನು ತಡೆಯಲು ನಿಂತ. ರೇಂಜರ್ಸ್ ಸೋತರು. ದೊಡ್ಡ ಲೀಗಿನಲ್ಲಿ ಮತ್ತೆ ಆಡಲು ಅವನು ವರ್ಷಗಳನ್ನೇ ಕಾಯಬೇಕಾಯಿತು. ಅವಕಾಶ ಬಂದದ್ದು ನಿಜ, ಸಾಬೀತು ಮಾಡಲು ಸಿಕ್ಕಿದ್ದು ಒಂದು ಸಂಜೆಯ ಉಳಿದ ಆಟ.

1965-66ರಿಂದ ಪ್ರತಿ ತಂಡವೂ ಇಬ್ಬರು ಕೀಪರುಗಳನ್ನು ಸಜ್ಜಾಗಿ ಇಟ್ಟುಕೊಳ್ಳಲೇಬೇಕು ಎಂಬ ನಿಯಮ ಬಂತು. ಎರಡನೆಯವನಿಗೆ ಅಧಿಕೃತವಾಗಿ ಬೆಂಚು ಸಿಕ್ಕಿತು. ಆ ಬೆಂಚಿನಿಂದ ಎದ್ದವರಲ್ಲಿ ಎಲ್ಲರಿಗಿಂತ ಹೆಸರಾದವನು ಡೇವ್‌ನ ತಮ್ಮ ಕೆನ್.

ಕೆನ್ ಡ್ರೈಡನ್ ಹಾಕಿಯವರು ಮೆಚ್ಚುವಂಥ ಹುಡುಗನಾಗಿರಲಿಲ್ಲ, ಅಂದರೆ ಪುಸ್ತಕ ಓದುತ್ತಿದ್ದ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಪದವಿ ಪಡೆದು, ಮಾಂಟ್ರಿಯಲ್‌ನ ಮೆಕ್‌ಗಿಲ್‌ನಲ್ಲಿ ಕಾನೂನು ಓದುತ್ತ, ಅದರ ನಡುವೆ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದ ಕಿರಿಯ ತಂಡಕ್ಕೆ ಆಡುತ್ತಿದ್ದ. ಎತ್ತರ ಆರಡಿ ನಾಲ್ಕಿಂಚು. ಆಟ ದೂರ ಇದ್ದಾಗ ಕೋಲನ್ನು ನೆಟ್ಟಗೆ ನಿಲ್ಲಿಸಿ, ಅದರ ತುದಿಯ ಮೇಲೆ ಎರಡೂ ಕೈಯಿಟ್ಟು, ಕೈಮೇಲೆ ಗಲ್ಲವೂರಿ ಯೋಚಿಸುತ್ತ ನಿಲ್ಲುವ ಅವನ ಭಂಗಿ ಮುಂದೆ ಪ್ರಸಿದ್ಧವಾಯಿತು. 1971ರ ಮಾರ್ಚಿನಲ್ಲಿ, ಲೀಗಿನ ಕೊನೆಯ ವಾರಗಳಲ್ಲಿ, ಅವನನ್ನು ಮೇಲಿನ ತಂಡಕ್ಕೆ ಕರೆದರು. ಅಲ್ಲಿ ರೋಗಿ ವಶಾನ್, ಫಿಲ್ ಮೀರ್ ಎಂಬಿಬ್ಬರು ಆಗಲೇ ಇದ್ದರು. ಇವನು ಎರಡನೆಯವನೂ ಅಲ್ಲ, ಮೂರನೆಯವನು.

ಮಾರ್ಚ್ 20ರಂದು ಬಫಲೋ ತಂಡ ಮಾಂಟ್ರಿಯಲ್‌ಗೆ ಬಂತು. ಅದರ ಕೀಪರುಗಳಲ್ಲೊಬ್ಬ ಅಣ್ಣ ಡೇವ್. ಅಣ್ಣತಮ್ಮಂದಿರನ್ನು ಎದುರುಬದುರು ನಿಲ್ಲಿಸಬೇಕೆಂದು ಬಫಲೋ ಕೋಚ್ ಪಂಚ್ ಇಮ್ಲಾಕ್ ಡೇವ್‌ನನ್ನು ಇಳಿಸಿದರು. ಮಾಂಟ್ರಿಯಲ್ ಕೋಚ್ ಅಲ್ ಮೆಕ್‌ನೀಲ್ ಈ ನಾಟಕಕ್ಕೆ ಬಗ್ಗದೆ ವಶಾನ್‌ನನ್ನು ಇಳಿಸಿದರು. ಇಮ್ಲಾಕ್ ಮುನಿಸಿಕೊಂಡು ಡೇವ್‌ನನ್ನು ಹೊರಗೆ ಕರೆದರು. ನಡುವೆ ವಶಾನ್ ಗಾಯಗೊಂಡು ಕೆನ್ ಇಳಿಯಬೇಕಾಯಿತು, ಕೂಡಲೇ ಇಮ್ಲಾಕ್ ಡೇವ್‌ನನ್ನು ಮತ್ತೆ ಒಳಗೆ ಕಳಿಸಿದರು. ಲೀಗಿನ ಚರಿತ್ರೆಯಲ್ಲೇ ಮೊದಲ ಸಲ ಅಣ್ಣ ಒಂದು ಗೋಲಿನಲ್ಲಿ, ತಮ್ಮ ಇನ್ನೊಂದರಲ್ಲಿ. ಪಂದ್ಯ ಮುಗಿದಾಗ ಇಬ್ಬರೂ ಅಂಗಳದ ನಡುವಿಗೆ ಬಂದು ಕೈಕುಲುಕಿದರು. ಗೆದ್ದವನು ತಮ್ಮ.

ಕೆನ್ ಒಟ್ಟು ಆರು ಪಂದ್ಯ ಆಡಿ ಆರನ್ನೂ ಗೆದ್ದ. ಆಮೇಲೆ ನಾಕೌಟ್ ಸರಣಿಗಳು. ಎದುರಿಗೆ ಹಿಂದಿನ ವರ್ಷದ ಚಾಂಪಿಯನ್ ಬಾಸ್ಟನ್. ಆ ಕಾಲದ ದೊಡ್ಡ ಆಟಗಾರ ಬಾಬಿ ಆರ್ ಇದ್ದ ತಂಡ. ಒಬ್ಬ ಫಿಲ್ ಎಸ್ಪಸಿಟೊನೇ ಆ ಲೀಗಿನಲ್ಲಿ 76 ಗೋಲು ಹೊಡೆದಿದ್ದ, ತಂಡದ ಲೆಕ್ಕ 399. ಇಂಥವರೆದುರು ಅನುಭವಿ ವಶಾನ್‌ನನ್ನು ಬಿಟ್ಟು 23 ವರ್ಷದ ಕಾನೂನು ವಿದ್ಯಾರ್ಥಿಯನ್ನು ನಿಲ್ಲಿಸುತ್ತೇನೆ ಎಂದರು ಮೆಕ್‌ನೀಲ್. ಮೊದಲ ಪಂದ್ಯ ಸೋಲು. ಎರಡನೆಯದರಲ್ಲಿ ಬಾಸ್ಟನ್ 5-1ರಿಂದ ಮುಂದಿತ್ತು. ನನ್ನ ಮಟ್ಟಿಗೆ ಇಡೀ ಕಥೆಯ ನಟ್ಟನಡು ಈ ಘಳಿಗೆ. ಐದು ಗೋಲು ಬಿಟ್ಟ ಹೊಸ ಹುಡುಗನನ್ನು ಹೊರಗೆ ಕರೆಯಲು ಯಾವ ಕೋಚಿಗೂ ಇದಕ್ಕಿಂತ ಒಳ್ಳೆಯ ನೆಪ ಸಿಗದು. ಮೆಕ್‌ನೀಲ್ ಕರೆಯಲಿಲ್ಲ. ಮುಂದಿನವರು ಆರು ಗೋಲು ಹೊಡೆದರು, ಮಾಂಟ್ರಿಯಲ್ 7-5ರಿಂದ ಗೆದ್ದಿತು. ಅವಕಾಶ ಕೊಡುವುದೆಂದರೆ ಮೊದಲ ದಿನ ನಿಲ್ಲಿಸುವುದೆಂದು ನಾವು ತಿಳಿದಿರುತ್ತೇವೆ. ಐದನೆಯ ಗೋಲಿನ ನಂತರವೂ ನಿಲ್ಲಿಸಿರುವುದು ಅದಕ್ಕಿಂತ ದುಬಾರಿ.

ಏಳನೆಯ ಪಂದ್ಯದಲ್ಲಿ ಸೋತು ಬಾಸ್ಟನ್ ಮನೆಗೆ ಹೋಯಿತು. ಆಮೇಲೆ ಮಿನೆಸೋಟ. ಫೈನಲ್ ಶಿಕಾಗೋ ಜೊತೆ, ಅದೂ ಏಳನೆಯ ಪಂದ್ಯದವರೆಗೆ. ಮೇ 18ರಂದು 2-0 ಹಿಂದಿದ್ದು ಮಾಂಟ್ರಿಯಲ್ 3-2ರಿಂದ ಗೆದ್ದಿತು. ಕೊನೆಯ ಅವಧಿಯಲ್ಲಿ ಶಿಕಾಗೋದ ಜಿಮ್ ಪ್ಯಾಪಿನ್ ತೀರ ಹತ್ತಿರದಿಂದ ಹೊಡೆದದ್ದಕ್ಕೆ ಕೆನ್‌ನ ಉದ್ದನೆಯ ಕಾಲು ಅಡ್ಡ ಬಂತು. ಸರಣಿಗಳ ಶ್ರೇಷ್ಠ ಆಟಗಾರನಿಗೆ ಕೊಡುವ ಕಾನ್ ಸ್ಮೈತ್ ಟ್ರೋಫಿಯೂ ಅವನಿಗೇ. ವರ್ಷದ ಶ್ರೇಷ್ಠ ಹೊಸಬ ಎಂಬ ಪ್ರಶಸ್ತಿ ಬಂದದ್ದು ಅದರ ಮರುವರ್ಷ, ಏಕೆಂದರೆ ಲೀಗಿನ ಆರು ಪಂದ್ಯ ಆಡಿದವನು ನಿಯಮದ ಪ್ರಕಾರ ಇನ್ನೂ ಹೊಸಬನೇ.

ಇಂಥ ಕಥೆಗಳನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಮಾತ್ರ ಬೆಂಚಿನ ಕಡೆ ಕಣ್ಣು ಹೋಗುತ್ತದೆ. ಅಲ್ಲೀಗ ಕೂತಿರುವವನು ಯಾರು? ರೋಗಿ ವಶಾನ್. ಅವನೂ ಒಂದು ಕಾಲದ ಬಡ್ತಿ ಪಡೆದ ಹುಡುಗನೇ. 1967ರ ಫೆಬ್ರವರಿಯಲ್ಲಿ, ಅದೇ ಗಂಪ್ ವರ್ಸ್‌ಲಿ ಆಗ ಮಾಂಟ್ರಿಯಲ್‌ನಲ್ಲಿದ್ದು ಗಾಯಗೊಂಡಿದ್ದಾಗ, 21ರ ವಶಾನ್‌ನನ್ನು ಕರೆದಿದ್ದರು. ದೊಡ್ಡ ಲೀಗಿನಲ್ಲಿ ಅವನೆದುರಿಸಿದ ಮೊದಲ ಹೊಡೆತವೇ ಏಕಾಂಗಿಯಾಗಿ ನುಗ್ಗಿಬಂದ ದಿಗ್ಗಜ ಗೋರ್ಡಿ ಹೋವ್‌ನದು. ತಡೆದ. ಆ ವರ್ಷದ ಫೈನಲ್‌ನಲ್ಲಿ ಟೊರಾಂಟೊದ ಕೋಚಾಗಿದ್ದ ಇಮ್ಲಾಕ್, ಇವನು ಹುಡುಗರ ಲೀಗಿನ ಬಿ ದರ್ಜೆಯ ಕೀಪರ್ ಎಂದು ಹಂಗಿಸಿದ್ದರು. ಅದನ್ನೆಲ್ಲ ನುಂಗಿ, ಎರಡು ಕಪ್ ಗೆದ್ದು, ತಾನೇ ಮೊದಲನೆಯವನೆಂದು ನಿಂತವನನ್ನು ಆರು ಪಂದ್ಯದ ಹುಡುಗ ಎಬ್ಬಿಸಿದ್ದ. 1971ರ ನವೆಂಬರಿನಲ್ಲಿ ವಶಾನ್ ಲಾಸ್ ಏಂಜಲೀಸ್ ತಂಡಕ್ಕೆ ಹೋದ. ಅಲ್ಲಿ ಎಷ್ಟು ಚೆನ್ನಾಗಿ ಆಡಿದನೆಂದರೆ ಅವನ 30ರ ಅಂಗಿಯನ್ನು ಆ ಕ್ಲಬ್ ಇನ್ನಾರಿಗೂ ಕೊಡದೆ ತೆಗೆದಿಟ್ಟಿತು. ಆ ಕ್ಲಬ್ಬಿನಲ್ಲಿ ಅಂಥ ಗೌರವ ಪಡೆದವರಲ್ಲಿ ಅವನೇ ಮೊದಲಿಗ. ಹಾಕಿಯ ಹಾಲ್ ಆಫ್ ಫೇಮ್ ಕೆನ್‌ಗೆ ಬಾಗಿಲು ತೆಗೆದದ್ದು 1983ರಲ್ಲಿ, ವಶಾನ್‌ಗೆ 2016ರಲ್ಲಿ.

ಇನ್ನು ಮೆಕ್‌ನೀಲ್. ಕಪ್ ಗೆದ್ದ ಬೆನ್ನಿಗೇ ಅವರ ಜಾಗಕ್ಕೆ ಸ್ಕಾಟಿ ಬೌಮನ್ ಬಂದರು, ಮೆಕ್‌ನೀಲ್ ಕಿರಿಯರ ತಂಡಕ್ಕೆ ಕೋಚಾಗಿ ಹೋದರು. ಹೊಸ ಹುಡುಗನ ಮೇಲೆ ನಂಬಿಕೆಯಿಟ್ಟವರಿಗೆ ಸಿಕ್ಕಿದ್ದು ಇನ್ನಷ್ಟು ಹೊಸ ಹುಡುಗರು.

ಕೆನ್ ಹಿಂದೆಯೂ ಒಬ್ಬ ಕೂತಿದ್ದ. 1973-74ರಲ್ಲಿ ಸಂಬಳದ ಜಗಳದಿಂದ ಕೆನ್ ತಂಡ ಬಿಟ್ಟು ಟೊರಾಂಟೊದ ವಕೀಲರ ಕಚೇರಿಯೊಂದರಲ್ಲಿ ಕೆಲಸ ಕಲಿಯಲು ಹೋದಾಗ, ಗೋಲಿನ ಮುಂದೆ ನಿಂತ ಮೂವರಲ್ಲಿ ಮಿಶೆಲ್ ಲಾರಾಕ್ ಒಬ್ಬ. ಮರುವರ್ಷ ಕೆನ್ ವಾಪಸ್ ಬಂದ, ಲಾರಾಕ್ ಬೆಂಚಿಗೆ ವಾಪಸ್. ಮುಂದೆ ತಂಡ ಸತತ ನಾಲ್ಕು ವರ್ಷ ಕಪ್ ಗೆದ್ದಿತು. ಅಷ್ಟೂ ವರ್ಷ ಲಾರಾಕ್ ಕೆನ್‌ಗೆ ಬಿಡುವು ಕೊಟ್ಟ ಪಂದ್ಯಗಳನ್ನು ಆಡಿದ, ಉಳಿದ ದಿನ ಕಾದ. 1979ರಲ್ಲಿ ಕೆನ್ 31ಕ್ಕೇ ನಿವೃತ್ತನಾಗಿ ಜಾಗ ಖಾಲಿ ಮಾಡಿದಾಗ, ಆ ಜಾಗವನ್ನು ಬೇರೆ ಊರಿನಿಂದ ತಂದ ಇನ್ನೊಬ್ಬ ಕೀಪರ್ ಜೊತೆ ಹಂಚಿಕೊಳ್ಳಬೇಕಾಯಿತು. 1979-80ರ ನಾಕೌಟ್‌ನಲ್ಲಿ ತಂಡ ಮಿನೆಸೋಟಕ್ಕೆ ಸೋತಿತು. ಅವಕಾಶ ತಡವಾಗಿ ಬಂದರೆ ಅದರ ಜೊತೆಗೆ ಹಿಂದಿನವನ ನೆರಳೂ ಬರುತ್ತದೆ. ಬಿಟ್ಟ ಪ್ರತಿ ಗೋಲಿಗೂ ಜನ "ಅವನಿದ್ದಿದ್ದರೆ" ಎನ್ನುತ್ತಾರೆ. 1971ರಲ್ಲಿ ಕೆನ್‌ಗೆ ಆ ಹೊರೆ ಇರಲಿಲ್ಲ. ಅವನಿಂದ ಯಾರೂ ಏನನ್ನೂ ಬಯಸಿರಲೇ ಇಲ್ಲ.

ನಮ್ಮ ಹಾಕಿಯಲ್ಲೂ ಈ ಸಾಲು ಇದೆ. ಪಿ.ಆರ್. ಶ್ರೀಜೇಶ್ ಎಂದರೆ ಈಗ ಎರಡು ಒಲಿಂಪಿಕ್ ಕಂಚು ನೆನಪಾಗುತ್ತದೆ. ಏಡ್ರಿಯನ್ ಡಿಸೋಜ, ಭರತ್ ಛೆಟ್ರಿ ಇದ್ದ ಕಾಲದಲ್ಲಿ ಅವರೂ ಹಿಂದೆಯೇ ಕೂತಿದ್ದರು. ಆಮೇಲೆ ಅವರ ಹಿಂದೆ ಕೂತವರು ಕೃಷನ್ ಬಹಾದ್ದೂರ್ ಪಾಠಕ್. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪಾಠಕ್ ಮೀಸಲು ಕೀಪರ್. ಅಲ್ಲಿ ಕಂಚು ಗೆದ್ದು ಶ್ರೀಜೇಶ್ ನಿವೃತ್ತರಾದರು, ಪಾಠಕ್‌ಗೆ ಗೋಲಿನ ಜಾಗ ಸಿಕ್ಕಿತು. 2025ರಲ್ಲಿ ರಾಜ್‌ಗಿರ್‌ನಲ್ಲಿ ಭಾರತ ಏಷ್ಯಾ ಕಪ್ ಗೆದ್ದಾಗ ಕೀಪರುಗಳು ಪಾಠಕ್ ಮತ್ತು ಸೂರಜ್ ಕರ್ಕೇರ. ಬೆಂಗಳೂರಿನಲ್ಲಿರುವ ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಕೇಂದ್ರದ ಶಿಬಿರಗಳಲ್ಲಿ ಇವರೆಲ್ಲ ಒಂದೇ ಬಲೆಯ ಮುಂದೆ ಸರದಿಯಲ್ಲಿ ಹೊಡೆತ ತಿಂದು ಬೆಳೆದವರು. ನಮ್ಮ ತಂಡ ಒಂದು ಒಳ್ಳೆಯ ರೂಢಿಯನ್ನೂ ಇಟ್ಟುಕೊಂಡಿದೆ. ಅಷ್ಟೇನೂ ನಿರ್ಣಾಯಕವಲ್ಲದ ಲೀಗ್ ಪಂದ್ಯಗಳಲ್ಲಿ ಒಂದು ಕ್ವಾರ್ಟರ್ ಒಬ್ಬ, ಮುಂದಿನದು ಇನ್ನೊಬ್ಬ. ಎರಡನೆಯವನಿಗೆ ಗೆಳೆಯನ ಕೇಡು ಬಯಸುವ ಪ್ರಮೇಯವಿಲ್ಲ, ಹದಿನೈದು ನಿಮಿಷ ಕಾದರೆ ಸಾಕು. ಹೀಗಾದರೆ ಅವಕಾಶ ಸಿಡಿಲಿನಂತೆ ಬಂದೆರಗುವುದಿಲ್ಲ, ರಾತ್ರಿ ಬೆಳಗಾಗುವುದರೊಳಗೆ ಯಾರೂ ಹೀರೋ ಆಗುವುದಿಲ್ಲ. ಕಥೆ ಬರೆಯುವವರಿಗೆ ನಷ್ಟ, ಮಂಡಿಗಳಿಗೆ ಲಾಭ.