ಸರ್ರೆನ್ನುವ ಸದ್ದಿನಲ್ಲಿ ಗುಟ್ಟು

ಬಿಳಿಗಿರಿರಂಗನ ಬೆಟ್ಟ, ರಾತ್ರಿ. ಕರೆಂಟ್ ಹೋಗಿದೆ. ಸೆಲ್ ರೇಡಿಯೊದ ಮುಳ್ಳು ಯಾವ ಸ್ಟೇಷನ್ನೂ ಇಲ್ಲದ ಕಡೆ ನಿಂತಿದೆ, ಬರೀ ಸರ್ರ್ ಸದ್ದು. ಅದರಲ್ಲೊಂದು ಪಾಲು ಆಕಾಶದ್ದು, ಒಂದು ಪಾಲು ರೇಡಿಯೊದ ಹೊಟ್ಟೆಯೊಳಗಿನ ರೆಸಿಸ್ಟರುಗಳದ್ದೇ. ಬೆಚ್ಚಗಿದ್ದಲ್ಲಿ ಎಲೆಕ್ಟ್ರಾನು ಸುಮ್ಮನೆ ಕೂರುವುದಿಲ್ಲ, ಆ ಚಡಪಡಿಕೆಯೇ ಈ ಸದ್ದು. 1928ರಲ್ಲಿ ಬೆಲ್ ಪ್ರಯೋಗಾಲಯದ ಜಾನ್ಸನ್ ಇದನ್ನು ಅಳೆದು ಬರೆದರು, ನೈಕ್ವಿಸ್ಟ್ ಲೆಕ್ಕ ಕೊಟ್ಟರು. ಇಬ್ಬರೂ ಸ್ವೀಡನ್ನಿನಲ್ಲಿ ಹುಟ್ಟಿದವರು. ಚಳಿ ನಾಡಿನವರಿಗೇ ಬಿಸಿಯ ಸದ್ದು ಕೇಳಿಸಬೇಕೆ!

ಅಳತೆ: ಒಂದು ಕಿಲೋ ಓಮ್ ರೆಸಿಸ್ಟರು, ಹತ್ತು ಕಿಲೋಹರ್ಟ್ಸ್ ಅಗಲದಲ್ಲಿ, ಸುಮಾರು 0.4 ಮೈಕ್ರೋವೋಲ್ಟ್.

ಈ ಕಸವನ್ನೇ ಗುಟ್ಟಿನ ಸಂದೇಶಗಳ ಬೀಗದ ಕೈ ಮಾಡಬಹುದೆಂದು 2005ರಲ್ಲಿ ಹೇಳಿದವರು ಟೆಕ್ಸಾಸಿನ ಲಾಸ್ಲೊ ಕಿಶ್. ಒಂದು ತಂತಿ. ಎರಡೂ ತುದಿಯವರ ಬಳಿ ಒಂದು ಸಣ್ಣ, ಒಂದು ದೊಡ್ಡ ರೆಸಿಸ್ಟರು. ಇಬ್ಬರೂ ಕಣ್ಣುಮುಚ್ಚಿ ಒಂದೊಂದನ್ನು ತಂತಿಗೆ ಸಿಕ್ಕಿಸುತ್ತಾರೆ. ಇಬ್ಬರದೂ ಸಣ್ಣದಾದರೆ ಸದ್ದು ಕಡಿಮೆ, ಇಬ್ಬರದೂ ದೊಡ್ಡದಾದರೆ ಹೆಚ್ಚು, ಅವೆರಡನ್ನೂ ಬಿಸಾಡುತ್ತಾರೆ. ಒಬ್ಬರದು ಸಣ್ಣ, ಒಬ್ಬರದು ದೊಡ್ಡ ಆದಾಗ ಸದ್ದು ಮಧ್ಯಮ. ನನ್ನದು ನನಗೆ ಗೊತ್ತು, ಹಾಗಾಗಿ ನಿಮ್ಮದೂ ಗೊತ್ತು. ನಡುದಾರಿಯಲ್ಲಿ ಕಿವಿಗೊಟ್ಟವನಿಗೆ? ತಕ್ಕಡಿಯಲ್ಲಿ ಹತ್ತು ಕೆಜಿ ಕಾಣುತ್ತದೆ. ಒಂದು ಕೆಜಿ ಬಟ್ಟು ಇಟ್ಟವರ್ಯಾರು, ಒಂಬತ್ತು ಕೆಜಿ ಇಟ್ಟವರ್ಯಾರು ತಿಳಿಯದು. ಹೀಗೆ ಒಂದೊಂದೇ ಬಿಟ್ ಗುಟ್ಟು ಕೂಡುತ್ತದೆ.

ಈ ಉಪಾಯವನ್ನು ಮೂರು ಸಲ ಓದಿದೆ. ಎಲ್ಲವನ್ನೂ ಕೇಳಿಸಿಕೊಂಡವನು ಏನನ್ನೂ ತಿಳಿಯದೆ ಹೋಗುವುದು ಹೇಗೆ? ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಇದೇ ಕೆಲಸಕ್ಕೆ ಬೆಳಕಿನ ಕಣಗಳನ್ನು ಹಿಡಿದಿದ್ದಾರೆ. ಅಲ್ಲಿ ಕದ್ದು ನೋಡಿದರೆ ಕಣ ಕೆಡುತ್ತದೆ, ಅದು ಅರ್ಥವಾಗುತ್ತದೆ. ಇಲ್ಲಿ ಇರುವುದು ಎರಡು ರೆಸಿಸ್ಟರು, ಒಂದು ತಂತಿ, ಅಷ್ಟೆ.

ಬೆಳಿಗ್ಗೆ, ಟೀ ಅಂಗಡಿ. ಕೆಳಗಿನ ಯಳಂದೂರಿಗೂ ಇಲ್ಲಿಗೂ ಅಂಥ ತಂತಿ ಎಳೆದರೆ ಅಂತ ಹಾಳೆ ಮೇಲೆ ಗೀಚಿ ತೋರಿಸಿದೆ. ಅಂಗಡಿಯವರು ಲೋಟ ತೊಳೆಯುತ್ತಲೇ ಕೇಳಿದರು: "ಅಲ್ಲಾ ಸಾ, ಯಳಂದೂರ್ಲಿ ಸೆಕ, ಇಲ್ಲಿ ಚಳಿ. ತಂತಿಗ ಅದು ಗೊತ್ತಾಗಲ್ವಾ?"

ಗೊತ್ತಾಗುತ್ತದೆ! ಲೆಕ್ಕ ಹಾಕಿದೆ. ಕೆಳಗೆ 35 ಡಿಗ್ರಿ, ಮೇಲೆ 15, ರೆಸಿಸ್ಟರು 1 ಮತ್ತು 9 ಕಿಲೋ ಓಮ್ ಅಂತಿಟ್ಟುಕೊಳ್ಳಿ. ಸಣ್ಣದು ಸೆಕೆಯ ತುದಿಯಲ್ಲಿದ್ದರೆ ತಂತಿಯ ಸದ್ದಿನ ಬಲ ಜಾಸ್ತಿ, ಚಳಿಯ ತುದಿಯಲ್ಲಿದ್ದರೆ ಕಡಿಮೆ; ಎರಡರ ನಡುವಿನ ವ್ಯತ್ಯಾಸ ಶೇ 5ಕ್ಕಿಂತ ಸ್ವಲ್ಪ ಹೆಚ್ಚು. ತಾಳ್ಮೆಯಿಂದ ಸರಾಸರಿ ತೆಗೆದವನಿಗೆ ಗುಟ್ಟು ರಟ್ಟು. ಇದೇ ಆಕ್ಷೇಪವನ್ನು 2006ರಲ್ಲಿ ಫೆಂಗ್ ಹಾವೊ ಪ್ರಬಂಧವಾಗಿಯೇ ಬರೆದಿದ್ದಾರೆ. ನಮ್ಮವರು ಲೋಟ ತೊಳೆಯುತ್ತಾ ಹೇಳಿದರು.

ಕಿಶ್ ಕಡೆಯವರಲ್ಲಿ ಉತ್ತರವಿದೆ. ಹವೆಯ ಬಿಸಿಯನ್ನು ನಂಬಬೇಡಿ, ಯಂತ್ರದಿಂದಲೇ ಸದ್ದು ಹುಟ್ಟಿಸಿ. ಕೋಟಿಗಟ್ಟಲೆ ಡಿಗ್ರಿ ಕಾದ ರೆಸಿಸ್ಟರು ಮಾಡುವಷ್ಟು ಸದ್ದು. ಅದರ ಮುಂದೆ ಬೆಟ್ಟದ ಚಳಿ ಯಾವ ಲೆಕ್ಕ. ಆದರೆ ಎರಡು ಯಂತ್ರಗಳೂ ತೂಕ ತಪ್ಪಬಾರದು, ತಂತಿಗೆ ತನ್ನದೇ ರೆಸಿಸ್ಟೆನ್ಸ್ ಇರಬಾರದು. ಇಲ್ಲಿಂದ ಯಳಂದೂರಿಗೆ ರಸ್ತೆಯಲ್ಲಿ ಸುಮಾರು 24 ಕಿಲೋಮೀಟರು. ರೆಸಿಸ್ಟೆನ್ಸ್ ಇಲ್ಲದ ಅಷ್ಟುದ್ದದ ತಾಮ್ರ ಎಲ್ಲಿ ಸಿಗುತ್ತದೆ?

ಬೆಳಕಿನ ಕಣಗಳ ಆ ಕ್ವಾಂಟಂ ಬೀಗದ ಕೈಯ ಹಿರಿಯ ಚಾರ್ಲ್ಸ್ ಬೆನೆಟ್ ಮತ್ತು ರೀಡೆಲ್ 2013ರಲ್ಲಿ ಇದು ಭದ್ರವೇ ಅಲ್ಲವೆಂದು ವಾದಿಸಿದರು, ಕಿಶ್ ಒಪ್ಪಲಿಲ್ಲ. ನನಗೆ ಉಪಾಯ ಇಷ್ಟವಾಯಿತು. ಬ್ಯಾಂಕಿನ ಪಾಸ್‌ವರ್ಡನ್ನು ಮಾತ್ರ ಈ ತಂತಿಗೆ ಕೊಡಲಾರೆ.