ಮೇಟಗಳ್ಳಿಯ ತೊಂಬತ್ತು ಮೊಟ್ಟೆಗಳು

ಮೈಸೂರು ಎಂದರೆ ಹೆಚ್ಚಿನವರಿಗೆ ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ ನೆನಪಾಗುತ್ತವೆ. ನನಗೆ ನೆನಪಾಗುವುದು ಮೇಟಗಳ್ಳಿಯ ಒಂದು ಮಹಡಿ ಮನೆ ಮತ್ತು ಅದರ ಅಡುಗೆಕೋಣೆಯಲ್ಲಿದ್ದ ಮೂರು ಟ್ರೇ ಮೊಟ್ಟೆ.

2020ರ ಮಾರ್ಚ್ ಮೊದಲ ವಾರ. ಮೇಟಗಳ್ಳಿಯಲ್ಲಿರುವ ತಂಗಿಗೆ ದಿನ ತುಂಬುತ್ತಾ ಬಂದಿತ್ತು. ಮೊಣಕಾಲು ನೋವಿನಿಂದ ಅಮ್ಮನಿಗೆ ಪ್ರಯಾಣ ಸಾಧ್ಯವಿರಲಿಲ್ಲ. ಹಾಗಾಗಿ ನಾನೇ ಮಂಗಳೂರಿನಿಂದ ಬಸ್ಸು ಹತ್ತಿದೆ. ನಲುವತ್ತು ದಿನದ ಬಾಣಂತನ ಮುಗಿಸಿ ಬರುವುದೆಂದು ಹೊರಟವಳು ಮರಳಿದ್ದು ಹಬ್ಬ ಕಳೆದ ಮೇಲೆ.

ಮೈಸೂರು ರೈಲು ನಿಲ್ದಾಣದ ಕಡೆಯಿಂದ ಕೆ.ಆರ್.ಎಸ್. ರಸ್ತೆ ಹಿಡಿದರೆ ಮೊದಲು ಸಿಗುವುದು ಚೆಲುವಾಂಬ ಮಹಲು. 1950ರಿಂದ ಅಲ್ಲಿ ಕೇಂದ್ರೀಯ ಆಹಾರ ಸಂಶೋಧನಾಲಯವಿದೆ. ಮುಂದೆ ಹೋದರೆ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯರೋಗ ಆಸ್ಪತ್ರೆ. ಆ ರಾಜಕುಮಾರಿಯೂ ಕ್ಷಯದಿಂದಲೇ ತೀರಿಕೊಂಡವರು. ಅದನ್ನೂ ದಾಟಿದರೆ ಟೈರ್ ಕಾರ್ಖಾನೆ, ಹೆಬ್ಬಾಳದ ಕೈಗಾರಿಕಾ ಪ್ರದೇಶ. ಇವುಗಳ ನಡುವೆ, ಒಂದು ಕಾಲಕ್ಕೆ ಹಳ್ಳಿಯಾಗಿದ್ದ ಮೇಟಗಳ್ಳಿ. ಪಾಳಿ ಮುಗಿಸಿ ಬರುವ ಕಾರ್ಮಿಕರು, ಬಾಡಿಗೆ ಕೋಣೆಗಳು, ಹಿತ್ತಿಲಲ್ಲಿ ಹಸು, ಕೋಳಿ.

ತಂಗಿಯ ಮನೆಯ ಕೆಳಗೆ ಮನೆಯ ಯಜಮಾನಿ ಇದ್ದರು. ಎಪ್ಪತ್ತು ದಾಟಿದ ಹೆಂಗಸು. ಬೀದಿಗೆಲ್ಲಾ ಅವರು 'ಅವ್ವ'. ಅವರ ಬಳಿ ಆರು ನಾಟಿ ಕೋಳಿಗಳಿದ್ದವು. ನಾನು ಬಂದ ಮರುದಿನವೇ, "ಬಾಣಂತಿಗೆ ದಿನಾ ಒಂದು ಮೊಟ್ಟೆ ನಾನೇ ಕೊಡ್ತೀನಿ ಕಣವ್ವ, ಅಂಗಡೀಲಿ ತರಬ್ಯಾಡ" ಎಂದಿದ್ದರು. ಬೇಯಿಸಿದ ಮೊಟ್ಟೆಗೆ ಕಾಳುಮೆಣಸಿನ ಪುಡಿ ಹಾಕಿ ಬಾಣಂತಿಗೆ ಕೊಡುವುದು ನಮ್ಮಲ್ಲೂ ಉಂಟು, ಅವರಲ್ಲೂ ಉಂಟು.

ಮಾರ್ಚ್ ಮಧ್ಯದಲ್ಲಿ ಪಕ್ಕದ ಕುಂಬಾರಕೊಪ್ಪಲಿನಲ್ಲಿ ಹಕ್ಕಿ ಜ್ವರ ದೃಢವಾಯಿತು. ಸುತ್ತಲಿನ ಒಂದು ಕಿಲೋಮೀಟರಿನೊಳಗಿನ ಕೋಳಿಗಳನ್ನೆಲ್ಲಾ ಕೊಲ್ಲಬೇಕೆಂಬ ಆದೇಶ ಬಂತು. ಬಿಳಿ ಉಡುಪು ತೊಟ್ಟವರು ಮನೆಮನೆಗೆ ಬಂದರು. ಫಾರ್ಮ್ ಕೋಳಿ, ನಾಟಿ ಕೋಳಿ ಎಂಬ ಭೇದವಿರಲಿಲ್ಲ. ಅವ್ವನ ಆರು ಕೋಳಿಗಳೂ ಹೋದವು. ರೋಗ ಹರಡದಿರಲು ಅದು ಬೇಕಾದ ಕ್ರಮವೇ ಆಗಿತ್ತು. ಆದರೂ ಆ ದಿನ ಅವ್ವ ಒಲೆ ಹಚ್ಚಲಿಲ್ಲ. ನಗರದ ಕೋಳಿ ಅಂಗಡಿಗಳು ಮುಚ್ಚಿದವು. ಕೋಳಿ, ಮೊಟ್ಟೆ ತಿಂದರೆ ಕೊರೊನಾ ಬರುತ್ತದೆಂಬ ಸುಳ್ಳು ಸುದ್ದಿ ಮೊದಲೇ ಹಬ್ಬಿತ್ತು. ಎರಡೂ ಸೇರಿ ನಮ್ಮ ಕಡೆ ಮೊಟ್ಟೆ ಕಾಣುವುದೇ ಅಪರೂಪವಾಯಿತು.

ಮಾರ್ಚ್ 18ರಂದು ತಂಗಿಗೆ ಹೆಣ್ಣು ಮಗುವಾಯಿತು, ಅಲ್‌ಹಮ್ದುಲಿಲ್ಲಾಹ್. 22ರಂದು ಜನತಾ ಕರ್ಫ್ಯೂ. ಮರುದಿನ ತಂಗಿಯ ಗಂಡ ನಗರದ ಇನ್ನೊಂದು ತುದಿಗೆ ಹೋಗಿ ಮೂರು ಟ್ರೇ ಮೊಟ್ಟೆ ತಂದರು. ಒಟ್ಟು ತೊಂಬತ್ತು. "ಮುಂದೆ ಸಿಗುತ್ತೋ ಇಲ್ವೋ, ಇರಲಿ ಅಕ್ಕಾ" ಎಂದರು. ನನಗೂ ಅದೇ ಸರಿ ಎನಿಸಿತು. 25ರಿಂದ ದೇಶವೇ 21 ದಿನ ಬಾಗಿಲು ಹಾಕಿತು. ನಮ್ಮ ಬುದ್ಧಿವಂತಿಕೆಗೆ ನಾವೇ ಮೆಚ್ಚಿಕೊಂಡೆವು.

ಆಗ ಹಾಲಿನ ಪ್ಯಾಕೆಟ್‌ನಿಂದ ಹಿಡಿದು ಟೊಮೆಟೋವರೆಗೆ ಎಲ್ಲವನ್ನೂ ತೊಳೆಯುವ ಕಾಲ. ನಾನು ತೊಂಬತ್ತು ಮೊಟ್ಟೆಗಳನ್ನೂ ಬಕೆಟ್ ತಣ್ಣೀರಿಗೆ ಸೋಪಿನ ಪುಡಿ ಹಾಕಿ ಉಜ್ಜಿ ತೊಳೆದೆ. ಫ್ರಿಜ್ ಚಿಕ್ಕದು. ಆದ್ದರಿಂದ ಟ್ರೇಗಳನ್ನು ಗ್ಯಾಸ್ ಒಲೆಯ ಮೇಲಿನ ಶೆಲ್ಫಿನಲ್ಲಿಟ್ಟೆ.

ಏಪ್ರಿಲ್ 7ರ ಹೊತ್ತಿಗೆ ಅಡುಗೆಕೋಣೆಯಲ್ಲಿ ಕೆಟ್ಟ ವಾಸನೆ. ಒಂದು ಮೊಟ್ಟೆ ಒಡೆದರೆ ಬಾಣಲೆಯೇ ಹಾಳಾಯಿತು. ಅಷ್ಟರಲ್ಲಿ 22 ಖರ್ಚಾಗಿದ್ದವು. ಉಳಿದ 68ರಲ್ಲಿ 31 ಕೆಟ್ಟಿದ್ದವು. ಅವನ್ನು ಹಿತ್ತಿಲಲ್ಲಿ ಹೂಳಲು ಚೀಲದಲ್ಲಿ ಹೊತ್ತು ಇಳಿದೆ. ಖಾಲಿ ಗೂಡಿನ ಪಕ್ಕ ಅವ್ವ ಕುಳಿತಿದ್ದರು. ಚೀಲ ನೋಡಿ, "ಇಷ್ಟೊಂದು ಇತ್ತಾ ಮೇಲೆ?" ಎಂದರು. ಅಷ್ಟೇ. ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಕೋಳಿಗಳನ್ನೆಲ್ಲಾ ಕಳೆದುಕೊಂಡ ಈ ಮನೆಯಲ್ಲಿ ಮೂರು ವಾರದಿಂದ ಒಂದು ಮೊಟ್ಟೆಯೂ ಇರಲಿಲ್ಲ. ಮೇಲಿನ ಮನೆಯಲ್ಲಿ ಅದು ಕೊಳೆಯುತ್ತಿತ್ತು.

ಹೂಳುವಾಗ ಅವರೇ ಕೇಳಿದರು, "ತೊಳೆದಿದ್ಯೇನವ್ವಾ?" ಹೌದೆಂದೆ. "ಮೊಟ್ಟೆ ಮ್ಯಾಲೆ ದೇವ್ರೇ ಒಂದು ಪೊರೆ ಬಳಿದು ಕಳಿಸಿರ್ತಾನೆ. ಅದನ್ನ ತೊಳೆದ್ರೆ ಬಾಗಿಲು ತೆಗೆದಂಗೆ ಕಣವ್ವ" ಎಂದರು.

ಅವ್ವ ಹೇಳಿದ್ದು ವಿಜ್ಞಾನವೂ ಹೌದು. ಮೊಟ್ಟೆಯ ಚಿಪ್ಪಿನಲ್ಲಿ ಸಾವಿರಾರು ಸಣ್ಣ ರಂಧ್ರಗಳಿವೆ. ಕೋಳಿ ಇಡುವಾಗಲೇ ಅವುಗಳ ಮೇಲೆ ತೆಳುವಾದ ಲೇಪವಿರುತ್ತದೆ. ತೊಳೆದರೆ ಅದು ಹೋಗುತ್ತದೆ. ತಣ್ಣೀರಿನಲ್ಲಿ ತೊಳೆದರೆ ಒಳಗಿನ ಭಾಗ ಕುಗ್ಗಿ, ಹೊರಗಿನ ನೀರು ಮತ್ತು ಕೀಟಾಣುಗಳನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಅದರ ಮೇಲೆ ಒಲೆಯ ಬಿಸಿ ಬೇರೆ. ಕೊಳೆ ಇದ್ದರೆ ಒಣ ಬಟ್ಟೆಯಿಂದ ಒರೆಸಬೇಕು. ಅಡುಗೆಗೆ ತೆಗೆದುಕೊಳ್ಳುವಾಗ ಮಾತ್ರ ತೊಳೆಯಬಹುದು.

ಆ ದಿನ ಅವ್ವ ಕಲಿಸಿದ ಇನ್ನಷ್ಟು ಸಂಗತಿಗಳನ್ನು ಈಗಲೂ ಪಾಲಿಸುತ್ತೇನೆ. ಮೊಟ್ಟೆಯ ಚೂಪು ತುದಿ ಕೆಳಗಿರಬೇಕು. ಅಗಲ ತುದಿಯಲ್ಲಿ ಗಾಳಿಯ ಕೋಣೆ ಇರುವುದರಿಂದ ಹಾಗೆ ಇಟ್ಟರೆ ಹಳದಿ ನಡುವಿನಲ್ಲೇ ನಿಲ್ಲುತ್ತದೆ. ಅನುಮಾನ ಬಂದರೆ ನೀರಿಗೆ ಹಾಕಬೇಕು. ತಳದಲ್ಲಿ ಅಡ್ಡ ಮಲಗಿದರೆ ತಾಜಾ, ನೆಟ್ಟಗೆ ನಿಂತರೆ ಹಳತು, ಬೇಗ ಬಳಸಬೇಕು. ತೇಲಿದರೆ ಎಸೆಯಬೇಕು. ದಿನ ಕಳೆದಂತೆ ಒಳಗಿನ ತೇವ ಆರಿ ಗಾಳಿಯ ಕೋಣೆ ದೊಡ್ಡದಾಗುವುದೇ ಇದಕ್ಕೆ ಕಾರಣ. ಅವರ ಅತ್ತೆ ಹೊಸ ಮೊಟ್ಟೆಗೆ ಎಣ್ಣೆ ಸವರಿ ಇಡುತ್ತಿದ್ದರಂತೆ. ರಂಧ್ರ ಮುಚ್ಚಿ ಮೊಟ್ಟೆ ಹೆಚ್ಚು ದಿನ ಬರುತ್ತದೆ. ಎಣ್ಣೆಯ ಲೇಪದಿಂದ ಮೊಟ್ಟೆ ಕಾಪಾಡುವ ಬಗ್ಗೆ ಅದೇ ರಸ್ತೆಯ ಸಂಶೋಧನಾಲಯದಲ್ಲೂ ಕೆಲಸ ನಡೆದಿದೆ ಎಂದು ನನಗೆ ಗೊತ್ತಾದದ್ದು ಆಮೇಲೆ. ಫ್ರಿಜ್ ಇರುವವರು ಬಾಗಿಲಿನಲ್ಲಿ ಇಡದೆ ಒಳಗಿಡಬೇಕು, ಪ್ರತಿ ಬಾರಿ ತೆರೆಯುವಾಗ ಬಾಗಿಲಿಗೆ ಬಿಸಿ ತಾಗುತ್ತದೆ. ಹಕ್ಕಿ ಜ್ವರದ ಕಾಲದಲ್ಲಂತೂ ಅರೆಬೆಂದ ಮೊಟ್ಟೆ ಬೇಡ, ಬಿಳಿಯೂ ಹಳದಿಯೂ ಗಟ್ಟಿಯಾಗುವಂತೆ ಬೇಯಿಸಬೇಕು.

ಆ ಸಂಜೆ ಲೆಕ್ಕ ಹಾಕಿದೆ. ಒಳ್ಳೆಯವು 37 ಉಳಿದಿದ್ದವು. ನಲುವತ್ತು ದಿನಕ್ಕೆ ಇನ್ನಿದ್ದುದು 20 ದಿನ. ಬಾಣಂತಿಗೆ ಬೇಕಾದದ್ದು ಬರೇ 20 ಮೊಟ್ಟೆ! ಹನ್ನೆರಡನ್ನು ಬಟ್ಟಲಿನಲ್ಲಿಟ್ಟು ಕೆಳಗೆ ಕೊಂಡುಹೋದೆ. ಅವ್ವ ಆರು ತೆಗೆದುಕೊಂಡರು. "ಉಳಿದಿದ್ದು ಆ ಹಿಂದಿನ ರೂಮಿನ ಬಿಹಾರದ ಹುಡುಗ್ರಿಗೆ ಕೊಡು. ಫ್ಯಾಕ್ಟರಿ ಮುಚ್ಚಿ ಹತ್ತು ದಿನದಿಂದ ಬರೀ ಅನ್ನ ಉಣ್ತಾವೆ" ಎಂದರು. ನಾವು ಮಹಡಿಯ ಮೇಲಿಂದ ದಿನವೂ ಆ ಹುಡುಗರನ್ನು ನೋಡುತ್ತಿದ್ದೆವು. ಅವರು ಏನು ತಿನ್ನುತ್ತಾರೆಂದು ಕೇಳಿರಲಿಲ್ಲ.

ತಳ್ಳುಗಾಡಿಯವನ ಹೆಸರು ಕೇಳಿ ತರಕಾರಿ ಕೊಳ್ಳುವ ಸುದ್ದಿಗಳು ಅಲ್ಲಲ್ಲಿ ಬರುತ್ತಿದ್ದ ದಿನಗಳವು. ಬೆಂಗಳೂರು ಬಿಟ್ಟರೆ ಹೆಚ್ಚು ಸೋಂಕು ಇದ್ದದ್ದು ಮೈಸೂರಿನಲ್ಲೇ. ಕೆ.ಆರ್.ಎಸ್. ರಸ್ತೆಯ ಹೊಸ ಜಿಲ್ಲಾಸ್ಪತ್ರೆ ಕೋವಿಡ್ ಆಸ್ಪತ್ರೆಯಾಗಿತ್ತು. ಆಂಬುಲೆನ್ಸ್ ಸದ್ದಿಗೆ ಮಗು ಬೆಚ್ಚುತ್ತಿತ್ತು. ಹೆದರಿಕೆ ಎಲ್ಲರಲ್ಲೂ ಇತ್ತು. ಆದರೆ ಅವ್ವ ದಿನವೂ ಮೆಟ್ಟಿಲ ಕೆಳಗೆ ನಿಂತು, "ಮಗೀಗೆ ನೀರು ಹಾಕಿದ್ಯಾ?" ಎಂದು ಕೂಗಿ ಕೇಳುವುದನ್ನು ಬಿಡಲಿಲ್ಲ.

ಊರಿನಲ್ಲಿ ಏಪ್ರಿಲ್ 24ಕ್ಕೇ ಉಪವಾಸ ಆರಂಭವಾದರೆ ಮೈಸೂರಿನಲ್ಲಿ 25ಕ್ಕೆ. ಮಸೀದಿಗಳು ಮುಚ್ಚಿದ್ದವು. ಆಗ ಮೊಟ್ಟೆ ಮತ್ತೆ ಸಿಗತೊಡಗಿತ್ತು. ಮನೆಗೆ ಹನ್ನೆರಡೇ ಎಂದು ಅಂಗಡಿಯವನ ಲೆಕ್ಕ. ನಮಗೆ ಅದು ಸಾಕಾಯಿತು. ಪೆನ್ಸಿಲಿನಲ್ಲಿ ತಾರೀಕು ಬರೆದು, ಹಳೆಯದನ್ನು ಮೊದಲು ಬಳಸಿದೆವು. ಒಂದೂ ಕೆಡಲಿಲ್ಲ. ಮೇ 25ರ ಈದ್‌ಗೆ ಮನೆಯಲ್ಲೇ ನಮಾಝ್ ಮಾಡಿ, ಅವ್ವನಿಗೆ ಶಾವಿಗೆ ಪಾಯಸ ಕಳುಹಿಸಿದೆವು. ಪಾತ್ರೆ ಮರಳಿ ಬರುವಾಗ ಅದರ ತುಂಬಾ ರಾಗಿ ಹಿಟ್ಟು ಇತ್ತು.

ಕಷ್ಟಕಾಲಕ್ಕೆ ನಾಲ್ಕು ದಿನದ್ದು ಕೂಡಿಡುವುದು ಮನೆ ನಡೆಸುವ ಹೆಣ್ಣಿನ ಜಾಣತನ. ಎಷ್ಟು ಬೇಕೆಂದು ಲೆಕ್ಕ ಹಾಕದೆ ಕೂಡಿಟ್ಟರೆ ಅದು ನಮಗೂ ಸಿಗದು, ನೆರೆಯವರಿಗೂ ಸಿಗದು. ಇದನ್ನು ತಿಳಿಯಲು ನಾನು 31 ಮೊಟ್ಟೆ ಹೂಳಬೇಕಾಯಿತು.

ಕಳೆದ ರಜೆಯಲ್ಲಿ ಮತ್ತೆ ಮೇಟಗಳ್ಳಿಗೆ ಹೋಗಿದ್ದೆ. ತಂಗಿಯ ಮಗಳು ಶಾಲೆಗೆ ಹೋಗುತ್ತಿದ್ದಾಳೆ. ಅವ್ವನ ಸೊಂಟ ಬಾಗಿದೆ, ಆದರೆ ಗೂಡಿನಲ್ಲಿ ಕೋಳಿಗಳಿವೆ. ಹೊರಡುವಾಗ ಪೇಪರಿನಲ್ಲಿ ಸುತ್ತಿದ ನಾಲ್ಕು ಮೊಟ್ಟೆಗಳನ್ನು ನನ್ನ ಚೀಲಕ್ಕೆ ಹಾಕಿ ಹೇಳಿದರು:

"ಊರಿಗೋಗಿ ತೊಳೀಬ್ಯಾಡ ಕಣವ್ವ."