ಅವ್ವನ ಆಕ್ಸಿಜನ್ ಮಷೀನಿನ ಗುಂಡಿ

ಹೋದ ಶ್ರಾವಣದಾಗ ನಾ ಮಾಡಿದ ತಪ್ಪು ಹೇಳ್ತೀನಿ. ನಿಮ್ಮ ಮನ್ಯಾಗೂ ಆಕ್ಸಿಜನ್ ಮಷೀನ್ ಇದ್ರ ಲಕ್ಷ್ಯ ಕೊಟ್ಟು ಓದ್ರಿ.

ನಮ್ಮವ್ವ 40 ವರ್ಷ ಕಟ್ಟಿಗಿ, ಕುಳ್ಳಿನ ಒಲಿ ಮುಂದ ಕುಂತು ರೊಟ್ಟಿ ಬಡದಾಕಿ. ಬೀಡಿ ಮುಟ್ಟಿದಾಕಿ ಅಲ್ಲ, ಆದ್ರೂ ಹೊಗಿಗೆ ಶ್ವಾಸಕೋಶ ಕೆಟ್ಟು, ಆಮ್ಯಾಲ ಕಾಲೂ ಬಾತ್ವು. ಮಷೀನ್ ತಂದ್ವಿ. ಗುಂಡಿ ಒಂದರ ಮ್ಯಾಲ ಇರಲಿ, ದಿನಕ್ಕ 15 ತಾಸು ಹಾಕ್ರಿ ಅಂದಿದ್ರು ಡಾಕ್ಟರ್ ಬಾಯಾರು. ಒಂದಿನ ರಾತ್ರಿ ಅವ್ವಗ ದಮ್ಮು ಹೆಚ್ಚಾತು. ನಾ ಶ್ಯಾಣ್ಯಾಕಿ, ಗುಂಡಿ ನಾಲ್ಕಕ್ಕ ತಿರುವಿದೆ. ಬೆರಳಿಗೆ ಹಾಕೋದ್ರಾಗ 97 ಬಂತು, ನೆಮ್ಮದಿಲೆ ಮಲಕೊಂಡೆ. ಮುಂಜಾನೆ ನೋಡಿದ್ರ ಅವ್ವ ಎಷ್ಟು ಅಲುಗಿಸಿದ್ರೂ ಕಣ್ಣ ತೆರಿವಲ್ಲಳು.

ದವಾಖಾನಿಯೊಳಗ ಡಾಕ್ಟರ್ ಬಾಯಾರು ಬೈಲಿಲ್ಲ, ತಿಳಿಸಿ ಹೇಳಿದ್ರು. ಮೈಯಾಗ ಬ್ಯಾರೆ ಕಡೆ ಆಕ್ಸಿಜನ್ ಕಡಿಮಿ ಆದ್ರ ರಕ್ತನಾಳ ಅಗಲ ಆಗ್ತಾವ. ಶ್ವಾಸಕೋಶದಾಗ ಮಾತ್ರ ಉಲ್ಟಾ, ಬಿಗಿ ಹಿಡಿತಾವ. ಗಾಳಿ ಬರದ ಮೂಲಿಗೆ ರಕ್ತ ಹೋಗಿ ಏನು ಮಾಡೂದೈತಿ? ಒಣಗಿದ ಪಟ್ಟಿಗೆ ನೀರು ಬಿಡ್ತೀವಿ ನಾವು. ಇವು ಗಾಳಿ ಇದ್ದ ಪಟ್ಟಿಗೇ ರಕ್ತ ತಿರುವ್ತಾವ. ಇದನ್ನ 1946ರಾಗ ಸ್ವೀಡನ್ನಿನ ವಾನ್ ಆಯ್ಲರ್, ಲಿಲಿಯೆಸ್ಟ್ರಾಂಡ್ ಅನ್ನೋರು ಬೆಕ್ಕಿನೊಳಗ ನೋಡಿ ಬರದಿದ್ರಂತ. ನಾ ಗುಂಡಿ ಏರಿಸಿದ್ದಕ್ಕ ಕೆಟ್ಟ ಮೂಲಿಗೂ ಆಕ್ಸಿಜನ್ ಮುಟ್ಟಿ, ಬಿಗಿ ಹಿಡದ ನಾಳ ಸಡಲಾದ್ವು. ರಕ್ತ ಅಲ್ಲಿಗೇ ಹೊಂಟಿತು. ಆದ್ರ ಅಲ್ಲಿ ಗಾಳಿ ಆಡೂದಿಲ್ಲ, ಕಾರ್ಬನ್ ಡೈಆಕ್ಸೈಡ್ ಹೊರಗ ಹೋಗಲಾರದ ರಕ್ತದಾಗ ಉಳೀತು. ಅದರ ಮಂಪರು ಅದು. ಬ್ಯಾರೆ ಕಾರಣನೂ ಕೂಡಿರ್ತಾವಂತ, ಇದು ದೊಡ್ಡದು.

ಹಂಗಾರ ಕಾಲ ಬಾವು ಯಾಕ ಅಂತ ಕೇಳಿದೆ. ಶ್ವಾಸಕೋಶದ ತುಂಬ ಆಕ್ಸಿಜನ್ ಕಡಿಮಿ ಅಂದ್ರ ಎಲ್ಲಾ ನಾಳ ಬಿಗಿ. ವರ್ಷಗಟ್ಟಲೆ ಹಂಗ ಇದ್ರ ನಾಳದ ಗ್ವಾಡಿಯೊಳಗಿನ ಜೀವಕೋಶ ಬೆಳದು ಗ್ವಾಡಿ ದಪ್ಪಾಗ್ತಾವ, ರಕ್ತ ನೂಕಿ ನೂಕಿ ಹೃದಯದ ಬಲಭಾಗ ದಣೀತೈತಿ, ನೀರು ಕಾಲಿಗೆ ಇಳೀತೈತಿ. ಅಮೆರಿಕಾದ ಕೊಲೊರಾಡೊದೊಳಗ ಎತ್ತರದ ಗುಡ್ಡದಾಗ ಮೇಯೋ ದನಕ್ಕೂ ಹಿಂಗ ಎದಿ ಮುಂದ ಬಾವು ಬರತೈತಂತ. ಎಮ್ಮಿ ಕಟ್ಟಿದ ನಮ್ಮವ್ವಗ ಈ ಮಾತು ಭಾಳ ಹಿಡಿಸ್ತು.

ಅವ್ವನಂಥಾವರಿಗೆ 88ರಿಂದ 92 ಇದ್ರ ಸಾಕಂತ. ಈಗ ಗುಂಡಿಗೆ ಟೇಪ್ ಅಂಟಿಸೇನಿ. ದಮ್ಮು ಹೆಚ್ಚಾದ್ರ ಫೋನ್ ಮಾಡ್ತೀನಿ, ತಿರುವೂದಿಲ್ಲ. ಬೆಂಕಿ ಹತ್ರ ಆಕ್ಸಿಜನ್ ನಳಿಗಿ ಒಯ್ಯಬಾರದು ಅಂತ ಅಡಗಿಮನಿ ಬಾಗಲಕ್ಕ ಖುರ್ಚಿ ಅಡ್ಡ ಇಟ್ಟೇನಿ. ನಿನ್ನೆ ಆ ಖುರ್ಚಿ ಮ್ಯಾಲೇ ಕುಂತು ಅವ್ವ, "ನಳಿಗಿ ತಗಿ, ಎರಡ ರೊಟ್ಟಿ ಬಡದು ಬರ್ತೀನಿ" ಅನ್ನಾಕತ್ತಿದ್ದಳು.